ಹಸಿ ಮದ್ದು

ಡೊಂಬಿವಲಿಯ ನಮ್ಮ ಸೊಸೈಟಿಯ ನೆಲಮಹಡಿಯಲ್ಲಿದ್ದ ಅಕ್ಕ ಯಾರನ್ನು ಕಂಡರೂ ಹೇಳುತ್ತಿದ್ದದ್ದು ಒಂದೇ ಮಾತು: "ಮದ್ದು ಹಸಿ ಉಂಟು ಮಾರಾಯ್ರೆ, ಮುಟ್ಬೇಡಿ."

ಅಂಗಳದ ಮಾವಿನ ಮರಕ್ಕೆ ಬೂಜುರೋಗ ತಗುಲಿ, ತೊಗಟೆ ಕೊಳೆತು ಅಂಟು ಸೋರುತ್ತಿತ್ತು. ಕಮಿಟಿ ಕಡಿಸಲು ಹೊರಟಿತ್ತು, ಅಕ್ಕ ಬಿಡಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ದೋಸೆ ಮಗುಚುವ ಹಳೇ ಸಟ್ಟುಗದಿಂದ ಕೊಳೆತದ್ದನ್ನು ಕೆರೆದು, ಮೈಲುತುತ್ತ ಮತ್ತು ಸುಣ್ಣ ಕಲಸಿದ ನೀಲಿ ಮದ್ದನ್ನು ಆಗಾಗ ಮೆತ್ತುತ್ತಿದ್ದರು. ನೀಲಿ ಬಣ್ಣ ಕಂಡದ್ದೇ ತಡ, ಬಿ ವಿಂಗಿನವರು ಬುಡದಲ್ಲಿ ದಾಸವಾಳ ಇಟ್ಟರು. ಮರುದಿನ ಊದುಬತ್ತಿಯೂ ಬಂತು.

ನಾನೋ ಮೈಸೂರಿನ ವಿಚಾರವಾದಿ. ಶಿಲೀಂಧ್ರವೆಂದರೇನು, ಅದಕ್ಕೇಕೆ ಕೈ ಮುಗಿಯಬಾರದು ಎಂದು ವಾಟ್ಸಾಪ್ ಗುಂಪಿನಲ್ಲಿ ಉದ್ದಕ್ಕೆ ಬರೆದೆ. ಅಕ್ಕ ಓದಿ, "ಕೈ ಮುಗಿದ್ರೆ ಮುಗೀಲಿ, ಮುಟ್ಟದಿದ್ರೆ ಸಾಕು" ಎಂದರು.

ಹೆಂಡತಿಯ ಆಪರೇಷನ್ ದಿನ ಬೆಳಿಗ್ಗೆ ಆಸ್ಪತ್ರೆಗೆ ಹೊರಟವನು ಮರದ ಬಳಿ ನಿಂತು ಅತ್ತಿತ್ತ ನೋಡಿದೆ. ಯಾರೂ ಇರಲಿಲ್ಲ. ಕಾಂಡಕ್ಕೆ ಎರಡೂ ಅಂಗೈ ಒತ್ತಿ, ಹಣೆ ಹಚ್ಚಿ ನಿಂತುಬಿಟ್ಟೆ.

ತಿರುಗಿದರೆ ಹಿಂದೆ ಅಕ್ಕ. ಅವರು ನಗಲಿಲ್ಲ. ಚೊಂಬಿನಿಂದ ನನ್ನ ನೀಲಿ ಕೈಗಳ ಮೇಲೆ ನೀರು ಸುರಿದರು.

"ಹಣೆಯಲ್ಲೂ ಉಂಟು ಮಾರಾಯ್ರೆ," ಎಂದರು.