ಸೊಸೆಯ ಇಂಟರ್‌ವ್ಯೂ

‘ಗಂಡ ಇಲ್ವಾ? ಹಾಗಾದ್ರೆ ಅನುಕೂಲವೇ ಆಯ್ತು.’

ಇಂಥ ಮಾತನ್ನು ಯಾರಾದರೂ ಬಾಯಿಬಿಟ್ಟು ಆಡುತ್ತಾರೆಯೇ? ಆಡುತ್ತಾರೆ. ಹೋದ ವಾರ ಬೆಂಗಳೂರಿನ ದೊಡ್ಡ ಸಾಫ್ಟ್‌ವೇರ್ ಕಂಪನಿಯೊಂದರ ಇಂಟರ್‌ವ್ಯೂನಲ್ಲಿ ನನ್ನ ಸೊಸೆ ಗಿರಿಜಾಳ ಎದುರಿಗೇ ಆಡಿದರು.

ನನ್ನ ಮಗ ಶಿವು ಅಪಘಾತದಲ್ಲಿ ಹೋದ ಸುದ್ದಿ ನಿಮಗೆ ಗೊತ್ತೇ ಇದೆ. (ಮರಿಯಮ್ಮನಹಳ್ಳಿ ರಸ್ತೆ, ಲಾರಿ. ಮತ್ತೆ ಬರೆಯುವ ಶಕ್ತಿ ನನಗಿಲ್ಲ.) ಗಿರಿಜಾ ಮದುವೆಗೆ ಮುಂಚೆ ಕಂಪ್ಯೂಟರ್ ಇಂಜಿನಿಯರಿಂಗ್ ಓದಿದವಳು. ಗೋಡೆ ನೋಡುತ್ತಾ ಕೂರುವುದಕ್ಕಿಂತ ಕೆಲಸಕ್ಕೆ ಹೋಗಲಿ ಎಂದು ಅರ್ಜಿ ಹಾಕಿಸಿದ್ದು ನಾನೇ. ಜೊತೆಗೆ ಹೋದದ್ದೂ ನಾನೇ.

ಹೊಸಪೇಟೆಯಿಂದ ಹೊರಟ ದಿನ ಏನಾಯಿತು ಗೊತ್ತೇ? ಪಕ್ಕದ ಮನೆಯ ನಾಗಮ್ಮ ಮಗನಿಗೆ ಹೆಣ್ಣು ನೋಡಲು ಕಂಪ್ಲಿಗೆ ಹೊರಟಿದ್ದಳು. ಎದುರಿಗೆ ಗಿರಿಜಾ ಕಂಡಳು. ನಾಗಮ್ಮ ಸರ್ರನೆ ಒಳಗೆ ಹೋಗಿ, ಒಂದು ಗಳಿಗೆ ಕೂತು, ನೀರು ಕುಡಿದು ಮತ್ತೆ ಬಂದಳು. ‘ಬಿಸ್ಲು ಭಾಳ ಐತ್ರಿ, ಬಾಯಿ ಒಣಗ್ತು’ ಎಂದಳು. ಇನ್ನೂ ಸೂರ್ಯ ಹುಟ್ಟಿರಲಿಲ್ಲ.

ಕಂಪನಿಯಲ್ಲಿ ಮೊದಲು ಬೋರ್ಡಿನ ಮೇಲೆ ಪ್ರೋಗ್ರಾಂ ಬರೆಸಿದರಂತೆ. ಒಂದು ಕಡೆ ತಪ್ಪಿತು. ತಾನೇ ಹಿಡಿದು ತಿದ್ದಿದಳು. ಆಮೇಲೆ ಹಿರಿಯರೊಬ್ಬರು ಗಂಡನ ಬಗ್ಗೆ ಕೇಳಿದರು. ಹೇಳಿದಳು. ‘ಸಾರಿ’ ಎಂದರು. ಮರುಕ್ಷಣವೇ ಪಕ್ಕದವರತ್ತ ತಿರುಗಿ ಆ ಮಾತು. ಅಂದರೆ ಎಲ್ಲಿಗೆ ಕಳಿಸಿದರೂ ಹೋಗುತ್ತಾಳೆ, ಹೆರಿಗೆ ರಜೆ ಕೇಳುವುದಿಲ್ಲ. ಅನುಕೂಲ!

ಕ್ಯಾಂಟೀನಿನಲ್ಲಿ ಅವಳು ಇದನ್ನು ಹೇಳಿದಾಗ ನನ್ನ ಕೈಯಲ್ಲಿದ್ದ ಕಾಫಿ ಕೈಯಲ್ಲೇ ಆರಿತು. ನನ್ನ ಮಗನ ಸಾವು ಯಾರಿಗೋ ಅನುಕೂಲವೇ?

‘ಎದ್ದು ಬರಬೇಕಿತ್ತವಾ! ಇಂಥಾ ಕೆಲ್ಸ ಬ್ಯಾಡ ನಮಗ.’

‘ಎದ್ದು ಎಲ್ಲಿಗೆ ಬರ್ಲಿ ಅತ್ತಿ? ನಾಗಮ್ಮನ ಎದುರಿಗೇನು?’

ಆರಿದ ಕಾಫಿಯನ್ನು ಅತ್ತ ಸರಿಸಿದೆ. ಆಮೇಲೆ ಕೇಳಿದೆ: ‘ಮತ್ತ ನೀ ಏನಂದಿ ಅವ್ರಿಗೆ?’

‘ನನ್ನ ಪ್ರೋಗ್ರಾಂ ಸರಿ ಆಗೇತೇನ್ರಿ ಅಂತ ಕೇಳಿದೆ. ಸರಿ ಇದೆ ಅಂದ್ರು. ನನಗ ಅಷ್ಟು ಸಾಕು.’

ನಿನ್ನೆ ಕೆಲಸದ ಆರ್ಡರ್ ಬಂತು. ಗಿರಿಜಾ ಪೆಟ್ಟಿಗೆ ತುಂಬುತ್ತಿದ್ದಾಳೆ. ಎಲ್ಲಕ್ಕಿಂತ ಕೆಳಗೆ ಶಿವುವಿನ ಸ್ವೆಟರ್ ಇಟ್ಟುಕೊಂಡಳು, ನೋಡಿಯೂ ನೋಡದಂತಿದ್ದೆ. ಅಷ್ಟರಲ್ಲಿ ಬಾಗಿಲಲ್ಲಿ ನಾಗಮ್ಮನ ದನಿ: ‘ಪೇಡೆ ಎಲ್ರೀ ಅಕ್ಕಾರ? ನಮ್ಮ ಹುಡುಗಿಗೆ ಕೆಲ್ಸ ಸಿಕ್ಕೈತಂತ!’

(ನಮ್ಮ ಹುಡುಗಿ!)

ಪೇಡೆ ತರಿಸಿದ್ದೇನೆ. ಪ್ರೋಗ್ರಾಂ ಸರಿ ಇದ್ದುದಕ್ಕೆ ಹಂಚಲೋ, ಮಗ ಇಲ್ಲದ್ದಕ್ಕೋ?