ಕಾಕು ಮತ್ತು ತೆರೆದಿದ್ದ ಗೇಟು

ಕಾಕು, ನನ್ನ ಚಿಕ್ಕಪ್ಪನ ಹೆಂಡತಿ, ದನಿ ಹೊರಡಿಸದೆ ತುಟಿಯಲ್ಲಷ್ಟೇ ಮಾತಾಡುತ್ತಿದ್ದಳು. ಹಾಗೆಂದು ನನ್ನ ನೆನಪು. ಈ ನೆನಪನ್ನು ನಾನು ಪೂರ್ತಿ ನಂಬಲಾರೆ. ನಾನು ಬರೆದ ಒಂದು ವಿಡಿಯೊ ಗೇಮಿನ ಕಥೆಯಲ್ಲಿ ಒಬ್ಬ ಹೆಂಗಸಿಗೂ ಇದೇ ಅಭ್ಯಾಸವಿದೆ. ಕಾಕುವಿನಿಂದ ತೆಗೆದು ಅವಳಿಗೆ ಕೊಟ್ಟೆನೋ, ಅವಳಿಂದ ತೆಗೆದು ಈಗ ಕಾಕುವಿಗೆ ಕೊಡುತ್ತಿದ್ದೇನೋ, ಒಮ್ಮೊಮ್ಮೆ ತಿಳಿಯುವುದಿಲ್ಲ. ಇನ್ನೂ ಕೆಲವು ವಿವರಗಳು ತಪ್ಪಿರಬಹುದು. ಮನೆಯ ವಿಷಯದಲ್ಲಿ ಮಾತ್ರ ತಪ್ಪಲಾರೆ.

ಇಚಲಕರಂಜಿಯಲ್ಲಿ ಕಾಕಾನ ಪವರ್‌ಲೂಮ್ ಶೆಡ್ಡಿನ ಹಿಂದೆ ಎರಡು ಕೋಣೆ. ಬೀದಿಗೆ ಬರಬೇಕಾದರೆ ಓಡುವ ಮಗ್ಗಗಳ ನಡುವಿನ ಸಂದಿಯಲ್ಲೇ ಹಾಯಬೇಕು, ಸೆರಗು ಬಿಗಿದು, ಮೈ ಅಡ್ಡ ಮಾಡಿಕೊಂಡು. ಹಿಂದಿನ ಕಿಟಕಿ ತೆರೆದರೆ ಪಕ್ಕದವರ ಶೆಡ್ಡಿನ ಗೋಡೆ ಕೈಗೆ ತಾಗುತ್ತಿತ್ತು. ಮಗ್ಗಗಳ ಸದ್ದಿನಲ್ಲಿ ಗಂಟಲು ಹರಿದುಕೊಂಡರೂ ಯಾರಿಗೂ ಕೇಳುವುದಿಲ್ಲ. ಕೆಲಸಗಾರರು ತುಟಿ ನೋಡಿಯೇ ಮಾತು ತಿಳಿಯುತ್ತಿದ್ದರು. ಕಾಕುವಿಗೆ ಅದು ಎಷ್ಟು ರೂಢಿಯಾಗಿತ್ತೆಂದರೆ, ಮಗ್ಗದ ಸದ್ದಿಲ್ಲದ ಮದುವೆ ಮಂಟಪದಲ್ಲೂ ನಮ್ಮನ್ನು ತುಟಿಯಲ್ಲೇ ಬೈಯುತ್ತಿದ್ದಳು. ಬೈಗುಳ ಏನೆಂದು ತಿಳಿಯಲು ನಾವು ಇನ್ನಷ್ಟು ಹತ್ತಿರ ಹೋಗುತ್ತಿದ್ದೆವು.

ಅವಳ ತವರು ಗಡಹಿಂಗ್ಲಜ. ಎಸ್ಟಿ ಬಸ್ಸು ಹತ್ತಿದರೆ ಮಧ್ಯಾಹ್ನದೊಳಗೆ ತಲುಪುವ ಊರು. ಪಂಚಮಿ ಹಬ್ಬಕ್ಕೆ ಅವಳ ಅಣ್ಣ ಬಂದು ಕರೆಯುತ್ತಿದ್ದ. ಉಂಡು, ಒಂದು ತಾಸು ಕೂತು, ತಂಗಿಯನ್ನು ಮುಂದೆ ಮಾಡಿಕೊಂಡು ಹೋಗುತ್ತಿದ್ದ. ನಾನೂ ಅವನನ್ನು ಮಾಮಾ ಎಂದೇ ಕರೆಯುತ್ತೇನೆ. ಮಾಮಾನ ಮಗನ ಮದುವೆಯಲ್ಲಿ ಇದು ನಿಂತಿತು. ಆಯೇರಿಯಲ್ಲಿ, ಮದುವೆಯ ಉಡುಗೊರೆಯಾಗಿ, ಮಾಮಾ ಕೊಟ್ಟ ಧೋತರವನ್ನು ಕಾಕಾ ಮಂದಿಯ ಮುಂದೆಯೇ ಬೆರಳಿನಿಂದ ತಿಕ್ಕಿ ನೋಡಿದ. ಬಟ್ಟೆ ಕಂಡರೆ ತಿಕ್ಕಿ ನೋಡುವುದು ಮಗ್ಗದವರ ಕೈಗೆ ಅಂಟಿದ ಚಾಳಿ. ನೋಡಿ ಸುಮ್ಮನಿರಲಿಲ್ಲ: “ಧೋತರ ಅಲ್ಲೋ ಇದು, ಸೊಳ್ಳಿ ಪರದೆ.” ಎಲ್ಲರೂ ನಕ್ಕರು. ಮಾಮಾ ನಗಲಿಲ್ಲ. ಆಮೇಲೆ ಪಂಚಮಿಗಳು ಬಂದವು, ಹೋದವು. ಮಾಮಾ ಬರಲಿಲ್ಲ.

ಕಾಕಾನನ್ನು ಕೇಳಿದರೆ, “ಹೋಗ್ಲಿ, ನಾ ಏನ್ ಕಟ್ಟಿ ಹಾಕೇನೇನು?” ಅನ್ನುತ್ತಿದ್ದ. ಅದೂ ಸುಳ್ಳಲ್ಲ. ಒಮ್ಮೆ ನಾನು ನನ್ನ ಸ್ಕೂಟಿಯ ಮೇಲೆ ಕರೆದೊಯ್ಯುತ್ತೇನೆಂದೆ. ಕಾಕು ನನ್ನನ್ನು ಮೇಲಿಂದ ಕೆಳಗೆ ನೋಡಿ, “ನೀ ಯಾವಾಗ ನನ್ನ ಅಣ್ಣ ಆದಿ?” ಎಂದಳು.

ಆ ಹೊತ್ತಿಗೆ ನಾನು ಕೊಲ್ಹಾಪುರದಲ್ಲಿ ಗೇಮು ಮಾಡುವ ಒಂದು ಸಣ್ಣ ಕಂಪನಿಯಲ್ಲಿದ್ದೆ. ನಮ್ಮದು ಯುದ್ಧದ ಆಟ, ಆದರೆ ಸೈನಿಕರದಲ್ಲ. ಮುತ್ತಿಗೆಯಲ್ಲಿ ಸಿಕ್ಕಿಕೊಂಡ ಊರಿನ ಸಾಮಾನ್ಯ ಜನರದು. ನೀರು, ಕಟ್ಟಿಗೆ, ಔಷಧ ಹುಡುಕಿ ಬದುಕುಳಿಯುವುದೇ ಆಟ. ಆಡಿದವರು ಇನ್ನೂ ಬೇಕೆಂದಾಗ ಅದಕ್ಕೆ ಜೋಡಿಸಲು ಹೊಸದೊಂದು ಕಥೆ ಬರೆಯುವ ಕೆಲಸ ನನಗೆ ಬಂತು. ಬಟ್ಟೆ ಗಿರಣಿಯ ನೆಲಮಾಳಿಗೆಯಲ್ಲಿ ಸಿಕ್ಕಿಬಿದ್ದ ಹೆಂಗಸು. ಕೊನೆಗೆ ಸ್ವಲ್ಪ ಹೊತ್ತು ಗುಂಡು ನಿಂತು, ಗೇಟು ತೆರೆಯುತ್ತದೆ. ಅಷ್ಟರೊಳಗೆ ಅವಳು ಹೊರಬರಬೇಕು.

ಎಂದೂ ಗೇಮು ಆಡದವರಿಂದ ಆಡಿಸಿ ನೋಡಬೇಕಿತ್ತು. ಲ್ಯಾಪ್‌ಟಾಪ್ ಹಿಡಿದು ಇಚಲಕರಂಜಿಗೆ ಹೋದೆ. ಕಾಕು ಮಗ್ಗದ ಕಂಡಿಕೆಗೆ ನೂಲು ಸುತ್ತುವುದನ್ನು ಬಿಟ್ಟು ಕೂತಳು. ಬೇಗ ಕಲಿತಳು. ಆದರೆ ಎಲ್ಲರೂ ಮೊದಲು ಆಹಾರ ಹುಡುಕಿದರೆ ಅವಳು ಮೊದಲು ನೆಲ ಗುಡಿಸಲು ನೋಡಿದಳು. ಗುಡಿಸುವ ಸೌಕರ್ಯ ನಾವು ಇಟ್ಟಿರಲಿಲ್ಲ. “ಇದೆಂಥಾ ಮನಿ ಮಾಡಿಯವ್ವಾ?” ಎಂದು ನನ್ನನ್ನೇ ತರಾಟೆಗೆ ತೆಗೆದುಕೊಂಡು, ಇದ್ದ ಪಾತ್ರೆಗಳಿಗೆಲ್ಲ ನೀರು ಹಿಡಿದಳು. “ನೀರ ತುಂಬಿಟ್ಟೇನಿ. ಈಗ ಬೇಕಾದ್ರ ಬಾಂಬ್ ಹಾಕ್ಲಿ.”

ಗೇಟು ತೆರೆಯಿತು. ಕಾಕು ಮೌಸಿನಿಂದ ಕೈ ತೆಗೆದಳು.

“ಗೇಟ್ ತಗದಾರ ಕಾಕು, ಹೊರಗ ಹೋಗು.”

“ತಗದಾರ, ಕಾಣಾಕತ್ತೈತಿ. ಕರಿಯಾಕ ಯಾರ ಬಂದಾರ?”

ಯಾರೂ ಬರುವುದಿಲ್ಲ, ತಾನೇ ಎದ್ದು ಹೋಗಬೇಕು, ಇಲ್ಲದಿದ್ದರೆ ಸಾಯುತ್ತಾಳೆ ಎಂದೆ. ಕಾಕು ಪರದೆಯ ಮೇಲಿನ ಹೆಂಗಸನ್ನೇ ನೋಡುತ್ತಿದ್ದಳು.

“ಕರೀಲಾರದ ಹೋದಾಕಿಗೆ ಉಣ್ಣಾಕ ತಾಟ ಹಾಕ್ತಾರ ತಂಗಿ, ಜೋಕಾಲಿ ಹಾಕೂದಿಲ್ಲ.”

ಪಂಚಮಿಗೆ ಬಂದ ಹೆಣ್ಣುಮಕ್ಕಳಿಗೆ ತವರಿನಲ್ಲಿ ಕಟ್ಟುವ ಜೋಕಾಲಿ. ಗೇಟು ಮುಚ್ಚಿತು. ಅವಳು ಮತ್ತೆ ನೀರು ತುಂಬಿಸತೊಡಗಿದಳು.

ಇದನ್ನು ಆಫೀಸಿನಲ್ಲಿ ಹೇಳಿದಾಗ ನಮ್ಮ ಮುಖ್ಯಸ್ಥ ನಗಲಿಲ್ಲ, ಒಪ್ಪಲೂ ಇಲ್ಲ. ಆಡುವವನಿಗೆ ದಾರಿ ಬೇಕು ಎಂದ. ವಾದ ಮಾಡಿ ಮಾಡಿ ಕೊನೆಗೆ ಒಂದು ದೃಶ್ಯ ಸೇರಿಸಿದೆ: ಗೇಟು ತೆರೆದಾಗ ಹೆಂಗಸು ಹೊರಡದಿದ್ದರೆ ಅವಳ ಅಣ್ಣ ಹೊಸ್ತಿಲವರೆಗೆ ಬಂದು, ನಡಿ ತಂಗಿ, ಎನ್ನುತ್ತಾನೆ. ಕಾಕು ಖುಷಿಪಡುತ್ತಾಳೆಂದು ತೋರಿಸಲು ಒಯ್ದೆ. ನೋಡಿದಳು. ಸೀರೆಗೆ ಅಂಟಿದ್ದ ಹತ್ತಿಯ ಧೂಳನ್ನು ಒಂದೊಂದೇ ಎಳೆ ತೆಗೆದಳು.

“ನಿನ್ನ ಆಟದಾಗ ಭಾಳ ಲಗೂನ ಬಂದಾನ,” ಎಂದಳು. ದನಿ ತೆಗೆದು ಹೇಳಿದಳೋ, ಬರೀ ತುಟಿಯಲ್ಲೋ, ಈಗ ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ.

ಶ್ರಾವಣಕ್ಕೆ ಮುಂಚೆಯೇ ಕಾಕು ಹೋದಳು. ಎದೆ ಹಿಡಿದುಕೊಂಡಳಂತೆ, ದವಾಖಾನೆ ಮುಟ್ಟಲಿಲ್ಲ. ಅಂದು ಮಗ್ಗ ನಿಲ್ಲಿಸಿ, ಆ ಸಂದಿಯಲ್ಲೇ ಅವಳನ್ನು ಹೊರಗೆ ತಂದರು. ಮಣ್ಣು ಮಾಡುವ ಹೊತ್ತಿಗೆ ಮಾಮಾ ಬಂದಿದ್ದ. ಎಲ್ಲ ಮುಗಿದ ಮೇಲೆ ಶೆಡ್ಡಿನ ಮೆಟ್ಟಿಲ ಮೇಲೆ ಕೂತಿದ್ದವನಿಗೆ ಚಹಾ ಕೊಟ್ಟೆ. ನಾನು ಏನೂ ಕೇಳಿರಲಿಲ್ಲ, ತಾನೇ ಹೇಳಿದ: “ಹೋದ ಪಂಚಮಿಗೆ ಫೋನ್ ಮಾಡಿದ್ದೆವ್ವಾ, ಕರಿಯಾಕ ಬರ್ತೇನಿ ಅಂತ. ಬರೂದು ಬ್ಯಾಡ ಅಂದ ಮ್ಯಾಲ ಹೆಂಗ ಬರ್ಲಿ?”

ಆ ಮನೆಯಲ್ಲಿ ಇದ್ದದ್ದು ಒಂದೇ ಫೋನು. ಅಡುಗೆಮನೆಯ ಕಿಟಕಿಯಲ್ಲಿ ಇರುತ್ತಿತ್ತು. ಹತ್ತಿರ ಇದ್ದವರು ಎತ್ತುತ್ತಿದ್ದರು. ಕಾಕಾ ಎತ್ತಿದ್ದರೆ ಒಂದು ಕಥೆ. ಕಾಕುವೇ ಎತ್ತಿದ್ದರೆ, ನಾನು ಅವಳ ಬಗ್ಗೆ ಇಲ್ಲಿಯವರೆಗೆ ಬರೆದದ್ದೆಲ್ಲ ಬೇರೆ ಯಾರದೋ ಕಥೆ.

ಕಾಕಾ ಬಾಗಿಲಲ್ಲಿ ನಿಂತಿದ್ದ. ಮಾಮಾ ಚಹಾದ ಲೋಟ ಕೆಳಗಿಟ್ಟು, ಬಸ್ಸಿಗೆ ಹೊತ್ತಾಯಿತೆಂದು ಎದ್ದ. ಆಮೇಲೆ ಎರಡು ಸಲ ಗಡಹಿಂಗ್ಲಜಕ್ಕೆ ಫೋನ್ ಮಾಡಿದ್ದೇನೆ. ಕಬ್ಬಿನ ಮಾತು, ಮೊಮ್ಮಕ್ಕಳ ಮಾತು ಆಡುತ್ತಾನೆ. ಅಂದು ಮೆಟ್ಟಿಲ ಮೇಲೆ ಅವನ ಮಾತು ಮುಗಿದೊಡನೆ ನಾನು ಕೇಳಿದ ಪ್ರಶ್ನೆಯನ್ನೇ ಪ್ರತಿ ಸಲವೂ ಕೇಳುತ್ತೇನೆ:

“ಬ್ಯಾಡ ಅಂದಾವ್ರು ಯಾರು, ಮಾಮಾ?”