ಲಿಖಿತಾ ಹೇಳಿದ ‘ಬರ್ತೀನಿ’

ಆ ಗುರುವಾರ ನನ್ನ ಯಜಮಾನರು ಪುಟ್ಟಯ್ಯನವರು ಊಟದ ಡಬ್ಬಿಯ ಮುಚ್ಚಳ ತೆಗೆದು ಮೂಸಿದರು.

“ಮತ್ತೆ ಹುರುಳಿಕಾಳಾ? ನಾನೇನು ಕುದುರೆನಾ ಮಾರಾಯ್ತಿ?”

“ಕುದುರೆ ಇಷ್ಟು ಮಾತಾಡಲ್ಲ ಕಣ್ರೀ.”

“ಬರ್ತೀನಿ” ಎಂದು ಭದ್ರಾವತಿ ಪೇಟೆಯ ಲೇತ್ ಶೆಡ್ಡಿಗೆ ಹೋದರು. ಹೇಳಿದಂತೆ ಸಂಜೆ ಬಂದರು. ಮಾರನೇ ಬೆಳಿಗ್ಗೆ ಏಳಲಿಲ್ಲ.

ಕಾರ್ಯ ಮುಗಿಸಿ ಕೆಲಸಕ್ಕೆ ಮರಳಿದೆ. ಶಂಕರಘಟ್ಟದ ಯೂನಿವರ್ಸಿಟಿಯಲ್ಲಿ ವಿದ್ಯಾರ್ಥಿಗಳ ಮನಸ್ಸಿನ ಕಷ್ಟ ಕೇಳುವ ಕೇಂದ್ರವಿದೆ. ಅಲ್ಲಿ ಗುಡಿಸಿ ಒರೆಸುವವಳು ನಾನು. ಕಷ್ಟ ಕೇಳುವುದಕ್ಕೂ ಅಲ್ಲಿ ತರಬೇತಿ. ಒಬ್ಬರು ನೊಂದವರಂತೆ ಕೂರಬೇಕು, ಇನ್ನೊಬ್ಬರು ಕೇಳಬೇಕು. ತರಬೇತಿ ಕೊಡುವ ಸೀತಾಲಕ್ಷ್ಮಿ ಮೇಡಂ ಮೂಲೆಯಲ್ಲಿ ಕೂತು ತಪ್ಪು ಬರೆದುಕೊಳ್ಳುತ್ತಾರೆ.

ನಾನು ಹೇಳಹೊರಟಿದ್ದು ಲಿಖಿತಾಳ ವಿಷಯ. ತರಬೇತಿಗೆ ಬಂದಿದ್ದ ಶಿವಮೊಗ್ಗ ವಿದ್ಯಾನಗರದ ಹುಡುಗಿ, ಸಾಕಿದ್ದು ಅಜ್ಜಿ. ಉಳಿದವರು ಎದುರು ಕೂತವರಿಗೆಲ್ಲ ಬುದ್ಧಿ ಹೇಳುತ್ತಿದ್ದರು. ಇವಳಿಗೆ ಬಾಯಿ ಮುಚ್ಚಿ ಕೇಳುವುದು ಬರುತ್ತಿತ್ತು. ಆದರೂ ಎರಡು ಸಲ ಫೇಲಾದಳು.

ಎರಡು ಸಲವೂ ಜೊತೆಯ ಕವನ ಅಪ್ಪನನ್ನು ಕಳೆದುಕೊಂಡ ಹುಡುಗಿಯಾಗಿ ಕೂತಿದ್ದಳು. ಲಿಖಿತಾ ಚೆನ್ನಾಗಿಯೇ ಕೇಳಿದಳು. ಹೊತ್ತು ಮುಗಿದೊಡನೆ ಒಂದು ಮಾತೂ ಆಡದೆ ಎದ್ದು ಹೋದಳು.

“ಮತ್ತೆ ಯಾವಾಗ ಸಿಗ್ತೀನಿ ಅಂತ ಹೇಳ್ಬೇಕಲ್ಲಮ್ಮ?” ಎಂದರು ಮೇಡಂ.

“ಸಾವಾದ ಮನೆಯವರ ಹತ್ರ ‘ಬರ್ತೀನಿ’ ಅಂತಾರಾ ಮೇಡಂ? ನಮ್ಮಜ್ಜಿಗೆ ಗೊತ್ತಾದ್ರೆ ಪೊರಕೆ ತಗೋತಾರೆ.”

ಕವನ ನಕ್ಕಳು. ಮೇಡಂ ನಗಲಿಲ್ಲ. “ಇನ್ನೊಂದೇ ಸಲ. ಆಗ್ಲೂ ಹೀಗೇ ಆದ್ರೆ ನಿನ್ನನ್ನ ವಿದ್ಯಾರ್ಥಿಗಳ ಮುಂದೆ ಕೂರ್ಸಲ್ಲ.”

ಲಿಖಿತಾ ಹೊರಗೆ ಬಂದು ಕಣ್ಣೊರೆಸಿಕೊಂಡಳು. “ಹೇಳ್ಬೇಕು ಅಂತ ಗೊತ್ತು ತುಂಗಕ್ಕ. ನಾಲಿಗೆ ಏಳಲ್ಲ.”

ನಾನು ಬಕೆಟ್ ಕೆಳಗಿಟ್ಟು ಒಳಗೆ ಹೋದೆ. “ಮೇಡಂ, ಈ ಸಲ ನಾನು ಕೂರ್ತೀನಿ.”

“ಆಗುತ್ತಾ ತುಂಗಮ್ಮ?”

“ಕವನಂದು ನಾಟಕ. ನಂದು ಇರೋದೇ.”

ಮರುದಿನ, ದಿನಾ ಒರೆಸುವ ಕುರ್ಚಿಯಲ್ಲಿ ಕೂತೆ. ಹುರುಳಿಕಾಳಿನ ಮಾತು ಹೇಳಿದೆ. ಮೂರು ತಿಂಗಳಿಂದ ಯಾರಿಗೂ ಹೇಳಿರಲಿಲ್ಲ. ಕೇಳುವವರೂ ಇರಲಿಲ್ಲ. ಕಡೆಗೆ ಇದನ್ನೂ ಹೇಳಿದೆ:

“ಮಣ್ಣಿಗೆ ಬೀದಿಗೆ ಬೀದೀನೇ ಬಂದಿತ್ತು. ಪದ್ಧತಿಯಂತೆ ಒಬ್ರೂ ‘ಬರ್ತೀನಿ’ ಅನ್ನದೆ ಎದ್ದು ಹೋದ್ರು. ಸರಿ. ಆಮೇಲೆ ನಿಜವಾಗ್ಲೂ ಯಾರೂ ಬರ್ಲಿಲ್ಲ ಕಣಮ್ಮ.”

ಹೊತ್ತು ಮುಗಿಯಿತು. ಲಿಖಿತಾ ಎದ್ದು ಬಾಗಿಲವರೆಗೆ ಹೋದಳು. ಮೇಡಂ ಬರೆಯಲು ಪೆನ್ನು ಎತ್ತಿಕೊಂಡರು. ಅವಳು ತಿರುಗಿ ಬಂದು ಕುರ್ಚಿಯ ತುದಿಯಲ್ಲಿ ಕೂತಳು.

“ತುಂಗಕ್ಕ, ಸೋಮವಾರ ಹನ್ನೊಂದು ಗಂಟೆಗೆ ಬರ್ತೀನಿ.”

ಮೇಡಂ ಏನೂ ಬರೆಯದೆ ಪೆನ್ನು ಮುಚ್ಚಿದರು. “ಪಾಸು” ಎಂದರು. ಕಿಟಕಿಯ ಹೊರಗೆ ನಿಂತಿದ್ದ ಕವನ ಶಿಳ್ಳೆ ಹೊಡೆದಳು.

ಸೋಮವಾರ ಲಿಖಿತಾ ಬಂದಳು. ಐದು ನಿಮಿಷ ಮೊದಲೇ. ಈಗ ಅವಳ ಕೋಣೆಯ ಬಾಗಿಲ ಮುಂದಿನ ಬೆಂಚಿನಲ್ಲಿ ಹಾಸ್ಟೆಲ್ ಮಕ್ಕಳಿಗೆ ಜಾಗ ಸಾಲುವುದಿಲ್ಲ. ‘ಬರ್ತೀನಿ’ ಅಂದದ್ದಕ್ಕೆ ಅಜ್ಜಿ ಏನಂದರು ಎಂದು ಕೇಳಿದೆ. “ಇನ್ನೂ ಹೇಳಿಲ್ಲ” ಎಂದಳು.

ನಾನು ದಿನಾ ಬೆಳಿಗ್ಗೆ ಮೊದಲು ಆ ಕೋಣೆಗೇ ಹೋಗುತ್ತೇನೆ. ಎರಡು ಕುರ್ಚಿ ಒರೆಸಿ, ಕೊಂಚ ಓರೆಯಾಗಿ ಇಟ್ಟು, ನಡುವೆ ಒಂದು ಲೋಟ ನೀರಿಡುತ್ತೇನೆ.